ದೊಡ್ಡತ್ತೆಗೆ ಹೆದರದ ಬೂಷ್ಟು

ಹಳೇಬೀಡಿನಲ್ಲಿ ನಮ್ಮ ದೊಡ್ಡತ್ತೆಯನ್ನು ಮುಟ್ಟುವ ಧೈರ್ಯ ಮಾಡಿದ್ದು ಒಂದೇ ಒಂದು ಜೀವ. ಅದು ಬೂಷ್ಟು! ಮಿಕ್ಕವರಿಗೆಲ್ಲ, ಅಂದರೆ ಮನುಷ್ಯರಿಗೆ, ನಾಯಿಗೆ, ಬೆಕ್ಕಿಗೆ, ಗಾಳಿಯಲ್ಲಿ ಹಾರಿಬಂದ ತರಗೆಲೆಗೆ ಕೂಡ ಅವರ ಹತ್ತಿರ ಸುಳಿಯಲು ಅಪ್ಪಣೆ ಇರಲಿಲ್ಲ. ಬೂಷ್ಟು ಮಾತ್ರ ಯಾರನ್ನೂ ಕೇಳದೆ ಅವರ ಕೋಣೆಯಲ್ಲಿ ಅವರ ಜೊತೆಗೇ ಸಂಸಾರ ಹೂಡಿತ್ತು. ಇಬ್ಬರಿಗೂ ಮೂವತ್ತು ವರ್ಷ ಮೀರಿದ ಯುದ್ಧ. ಗೆದ್ದವರು ಯಾರು ಅಂತೀರಾ? ತಾಳಿ, ಹೇಳುತ್ತೇನೆ. ನಗುತ್ತಲೇ ಶುರು ಮಾಡುತ್ತೇನೆ, ಎಲ್ಲಿಯವರೆಗೆ ನಗುವುದಕ್ಕಾಗುತ್ತದೋ ನೋಡೋಣ.

ನಾನು ಬಾಣಾವರದವಳು. ನಮ್ಮಪ್ಪ ಅಲ್ಲಿಯ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತರು. ಮದುವೆಯಾಗಿ ಹಳೇಬೀಡಿನ ಕೆರೆಯ ಹತ್ತಿರದ ಆ ಮನೆಗೆ ಬಂದಾಗ ನನಗೆ ಹದಿನೆಂಟು. ಮನೆಯಲ್ಲಿದ್ದವರು ಮೂರೇ ಜನ. ಒಬ್ಬರು ನಮ್ಮ ಯಜಮಾನರು. ಬೇಲೂರಿನ ಕಚೇರಿಯೊಂದರಲ್ಲಿ ಕೆಲಸ, ಬೆಳಿಗ್ಗೆ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಇನ್ನೊಬ್ಬರು ಮಾವನವರು, ಮೇಷ್ಟರ ಕೆಲಸದಿಂದ ರಿಟೈರಾಗಿದ್ದರು, ಹೆಂಡತಿ ತೀರಿಕೊಂಡ ಮೇಲೆ ಮಾತೂ ರಿಟೈರಾಗಿತ್ತು. ಮೂರನೆಯವರು ಮಾವನವರ ಅಕ್ಕ, ನಮ್ಮ ದೊಡ್ಡತ್ತೆ. ಹದಿನಾರನೆಯ ವಯಸ್ಸಿಗೆ ಗಂಡ ಸತ್ತು, ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ತವರಿಗೆ ತಂದು ಬಿಟ್ಟಿದ್ದರಂತೆ. ಅಂದಿನಿಂದ ಅವರ ಪಾಲಿಗೆ ಉಳಿದದ್ದು ಎರಡು: ಆ ಕೋಣೆ ಮತ್ತು ಮಡಿ.

ಮಡಿ ಅಂದರೆ ಎಂಥ ಮಡಿ! ಬೆಳಕು ಹರಿಯುವ ಮುಂಚೆ ಬಾವಿಕಟ್ಟೆಯಲ್ಲಿ ತಣ್ಣೀರು ಸ್ನಾನ. ಹಿಂಡಿದ ಸೀರೆಯನ್ನು ಹೊರಗೆ ಒಣಹಾಕುವ ಹಾಗಿಲ್ಲ, ಯಾರಾದರೂ ಮುಟ್ಟಿಬಿಟ್ಟರೆ? ಆದ್ದರಿಂದ ಕೋಣೆಯ ಒಳಗೇ, ಹೆಂಚಿಗೆ ತಾಗುವಷ್ಟು ಎತ್ತರದಲ್ಲಿ ಕಟ್ಟಿದ ಬಿದಿರು ಗಳುವಿನ ಮೇಲೆ, ಉದ್ದನೆಯ ಮಡಿಕೋಲಿನಿಂದ ಹರವುತ್ತಿದ್ದರು. ಆಮೇಲೆ ಬಾಗಿಲು ಭದ್ರ. ಹನ್ನೆರಡು ತಿಂಗಳೂ ಆ ಕೋಣೆಯಲ್ಲಿ ತೊಟ್ಟಿಕ್ಕುವ ಸದ್ದು. ನಾನು ಮನೆ ತುಂಬಿದ ಮೊದಲ ದಿನವೇ, ತೆರೆದಿದ್ದ ಆ ಬಾಗಿಲಲ್ಲಿ ತಿಳಿಯದೆ ಇಣುಕಿದಾಗ, ಆ ಸೀರೆಯಿಂದ ಒಂದು ಹನಿ ನನ್ನ ನೆತ್ತಿಯ ಮೇಲೆ ಬಿತ್ತು. ಏನಪ್ಪಾ ಅಂತ ತಲೆಯೆತ್ತಿ ನೋಡಿದೆ, ಅಷ್ಟೆ.

"ನೋಡ್ಬೇಡ್ವೇ!" ಎಂದು ಅಡುಗೆಮನೆಯಿಂದ ಕೂಗು ಬಂತು.

"ನೋಡಿದ್ರೂ ಮೈಲಿಗೇನಾ ದೊಡ್ಡತ್ತೆ?" ಎಂದೆ.

"ಬಾಣಾವರದ ಸ್ಟೇಷನ್ನಲ್ಲಿ ಬೆಳೆದವಳು ನೀನು. ಆ ಕಣ್ಣು ಯಾರ್ಯಾರನ್ನ ನೋಡ್ಕೊಂಡು ಬಂದಿದೆಯೋ ನನಗೇನು ಗೊತ್ತು!"

ಆ ಹೊತ್ತಿನಿಂದ ನನ್ನ ಹೆಸರು ಆ ಮನೆಯಲ್ಲಿ 'ಬಾಣಾವರದವಳೇ' ಎಂದಾಯಿತು.

ಆ ಕೋಣೆಗೆ ಬೀದಿಯ ಕಡೆಗೆ, ಮೂಡಲಿಗೆ, ಒಂದು ಕಿಟಕಿ ಇತ್ತು. ಇತ್ತು ಅಂದರೆ, ಹೊರಗಿನಿಂದ ಅಡ್ಡಪಟ್ಟಿ ಇಟ್ಟು ಮೊಳೆ ಬಡಿದು ಮುಚ್ಚಿಬಿಟ್ಟಿದ್ದರು. ಯಾಕೆ ಎಂದು ಒಂದೆರಡು ಸಲ ಕೇಳಿದೆ. ದೊಡ್ಡತ್ತೆ ಕೇಳಿಸದವರ ಹಾಗೆ ಪಾತ್ರೆ ಸದ್ದು ಮಾಡಿದರು, ಮಾವನವರು ಎದ್ದು ಜಗುಲಿಗೆ ಹೋದರು. ನಾನೂ ಕೇಳುವುದನ್ನು ಬಿಟ್ಟೆ.

ಗಾಳಿಯಿಲ್ಲ, ಬಿಸಿಲಿಲ್ಲ, ಮೇಲಿನಿಂದ ನೀರು. ಬೂಷ್ಟಿಗೆ ಇನ್ನೇನು ಬೇಕು, ತಾಂಬೂಲ ಕೊಟ್ಟು ಕರೆಯಬೇಕೆ? ನಮ್ಮೂರ ದೇವಸ್ಥಾನದ ಗೋಡೆಯ ಮೇಲೆ ಸಾಲು ಸಾಲು ಆನೆ, ಅದರ ಮೇಲೆ ಸಿಂಹ, ಅದರ ಮೇಲೆ ಕುದುರೆ ಇರುವುದನ್ನು ನೀವು ನೋಡಿರಬೇಕು. ನಮ್ಮ ಕೋಣೆಯ ಗೋಡೆಯೂ ಅಷ್ಟೇ ಶಿಸ್ತು. ಕೆಳಗೆ ಕಪ್ಪು ಬೂಷ್ಟು, ಅದರ ಮೇಲೆ ಹಸಿರು, ಅದರ ಮೇಲೆ ಹತ್ತಿಯ ಹಾಗೆ ಬಿಳಿಯದು. "ದೇವಸ್ಥಾನ ನೋಡೋಕೆ ದೂರದೂರದಿಂದ ಬರ್ತಾರಲ್ಲ, ಹಾಗೇ ನಮ್ಮ ಮನೆಗೂ ಕರ್ಕೊಂಡ್ಬಂದ್ರೆ ಹೇಗೆ?" ಎನ್ನುತ್ತಿದ್ದರು ನಮ್ಮ ಯಜಮಾನರು, ದೊಡ್ಡತ್ತೆಗೆ ಕೇಳಿಸದಂತೆ.

ಮಾವನವರ ಕಪ್ಪು ಕೋಟು ಆ ಕೋಣೆಯ ಪೆಟ್ಟಿಗೆಯಲ್ಲೇ ಇರುತ್ತಿತ್ತು. ಹಾರನಹಳ್ಳಿಯ ಮದುವೆಯೊಂದಕ್ಕೆಂದು ತೆಗೆದರೆ ಅದು ಬೂದಿ ಬಣ್ಣಕ್ಕೆ ತಿರುಗಿತ್ತು. ಬೇರೆ ಕೋಟಿಲ್ಲ, ಹಾಗೇ ಹಾಕಿಕೊಂಡು ಹೋದರು. ಅಲ್ಲಿ ಬೀಗರೊಬ್ಬರು ತೋಳು ಮುಟ್ಟಿ ನೋಡಿ, "ಮೆತ್ತಗಿದೆ ಮೇಷ್ಟ್ರೇ, ಎಲ್ಲಿ ಕೊಂಡ್ರಿ?" ಎಂದರಂತೆ. ಮಾತೇ ಆಡದ ಮಾವನವರು ಅಂದು ಬಾಯಿ ಬಿಟ್ಟು, "ಕೊಂಡದ್ದಲ್ಲ, ಮನೇಲೇ ಬೆಳೆದದ್ದು" ಎಂದರಂತೆ!

ದೊಡ್ಡತ್ತೆಯ ಪ್ರಕಾರ ಬೂಷ್ಟು ಎಂದರೆ ಮೈಲಿಗೆಯ ಗುರುತು. ಯಾರೋ ಮುಟ್ಟಬಾರದ್ದನ್ನು ಮುಟ್ಟಿದ್ದಾರೆ, ಅದಕ್ಕೇ ಬಂದಿದೆ. ಮೈಲಿಗೆಗೆ ಮದ್ದು ನೀರು. ಹಾಗಾಗಿ ಬೂಷ್ಟು ಕಂಡ ದಿನ ಕೋಣೆಗೆ ನಾಲ್ಕು ಕೊಡ ನೀರು ಸುರಿದು ತೊಳೆಯುವುದು. ತೊಳೆದಷ್ಟೂ ಅದು ಹೆಚ್ಚುತ್ತಿತ್ತು, ಹೆಚ್ಚಿದಷ್ಟೂ ಇವರು ತೊಳೆಯುತ್ತಿದ್ದರು. ಒಮ್ಮೆ ಉಪ್ಪಿನಕಾಯಿ ಜಾಡಿಯ ಮೇಲೆ ಬಿಳಿ ಪದರ ಕಟ್ಟಿದಾಗ ನಡೆದ ವಿಚಾರಣೆ ಯಾವ ಕೋರ್ಟಿನಲ್ಲೂ ನಡೆದಿರಲಾರದು. ನಾನು ಅಂದು ಎಲ್ಲಿ ನಿಂತಿದ್ದೆ, ಸೆರಗು ಯಾವ ಕಡೆಗಿತ್ತು, ಉಸಿರು ಯಾವ ದಿಕ್ಕಿಗೆ ಬಿಟ್ಟೆ ಎಲ್ಲ ಕೇಳಿದರು. ಕೊನೆಗೆ ಮೇಲಿನದನ್ನು ತೆಗೆದು ಎಸೆದು, ಉಳಿದ ಜಾಡಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ನಿಮಗೆ ಹೊಸದು ಹಾಕ್ತೀನಿ, ಇದು ನನಗಿರಲಿ" ಎಂದರು. ಕೆಟ್ಟದ್ದೆಲ್ಲ ಅವರ ಎಲೆಗೆ ಹೋಗುತ್ತದೆ ಎನ್ನುವುದು ಆ ಮನೆಯಲ್ಲಿ ಯಾರಿಗೂ ವಿಶೇಷವಾಗಿ ಕಾಣುತ್ತಿರಲಿಲ್ಲ. ನನಗೂ ಕಾಣಲಿಲ್ಲ, ಆಗ.

ನನಗೊಂದು ಹೆಣ್ಣು ಮಗು ಹುಟ್ಟಿತು. ಪುಟ್ಟಿ ಎಂದು ಕರೆಯುತ್ತಿದ್ದೆವು. ದೊಡ್ಡತ್ತೆಯ ಮಡಿಗೆ ಮೊದಲ ಪೆಟ್ಟು ಕೊಟ್ಟವಳು ಅವಳೇ. ಬಟ್ಟೆ ಹಾಕದ ಮಗುವಿಗೆ ಮೈಲಿಗೆಯಿಲ್ಲವೆಂದು ಒಂದು ಶಾಸ್ತ್ರವಿದೆಯಂತೆ. ದೊಡ್ಡತ್ತೆ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಬಾಣಾವರದವಳೇ, ಮಗೂ ಅಂಗಿ ಬಿಚ್ಚಿ ಇಲ್ಲಿ ಬಿಡೇ!" ಮೂರು ವರ್ಷ ತುಂಬುವ ಹೊತ್ತಿಗೆ ಪುಟ್ಟಿಗೆ ಈ ಕಾನೂನು ಕರತಲಾಮಲಕ. ಅಜ್ಜಿಯ ಧ್ವನಿ ಕೇಳಿದರೆ ಸಾಕು, ಬೀದಿಯಲ್ಲಿದ್ದರೂ ಸರಿ, ಅಂಗಿ ಕಿತ್ತೆಸೆದು ಓಡುವುದೇ! ಅವಳ ಊಟ, ಆಟ, ನಿದ್ದೆ ಎಲ್ಲ ಆ ಕೋಣೆಯಲ್ಲೇ, ತೊಟ್ಟಿಕ್ಕುವ ಸೀರೆಯ ಕೆಳಗೆ, ಬರಿಮೈಯಲ್ಲಿ.

ಆ ವರ್ಷದ ಆಷಾಢದಲ್ಲಿ ಪುಟ್ಟಿಗೆ ಉಬ್ಬಸ ಶುರುವಾಯಿತು.

ಎಳೆ ಎದೆ ಕುಲುಮೆಯ ತಿದಿಯ ಹಾಗೆ ಏರಿ ಇಳಿಯುವುದನ್ನು ನೋಡಿದ ತಾಯಂದಿರಿಗೆ ನಾನು ಹೇಳಬೇಕಾದ್ದಿಲ್ಲ. ದೃಷ್ಟಿ ತೆಗೆದೆವು, ತುಳಸಿ ರಸ ಕುಡಿಸಿದೆವು, ಎದೆಗೆ ಎಣ್ಣೆ ತಿಕ್ಕಿದೆವು. ಬಾಣಾವರಕ್ಕೆ ಕರೆದುಕೊಂಡು ಹೋದರೆ ನಾಲ್ಕೇ ದಿನಕ್ಕೆ ಸರಿಯಾಗುತ್ತಿದ್ದಳು. ಹಳೇಬೀಡಿಗೆ ಬಂದ ವಾರಕ್ಕೆ ಮತ್ತೆ ಸುಯ್ ಸುಯ್. "ತವರಿಗೆ ಹೋಗೋಕೆ ಒಳ್ಳೇ ನೆಪ ಸಿಕ್ತು ನಿನಗೆ" ಎಂದು ದೊಡ್ಡತ್ತೆ ಗೊಣಗಿದರು. ಗೊಣಗಿದವರು ಮಗುವಿಗಾಗಿ ಒಪ್ಪೊತ್ತು ಹಿಡಿದರು. ಕೋಣೆಯಲ್ಲಿ ಮೈಲಿಗೆ ಹೆಚ್ಚಿದೆ, ಅದಕ್ಕೇ ಮಗುವಿಗೆ ಹೀಗಾಗಿದೆ ಎಂದು ನಾಲ್ಕು ಕೊಡ ನೀರನ್ನು ಎಂಟು ಕೊಡ ಮಾಡಿದರು.

ಒಂದು ದಿನ ಮಗುವಿನ ತುಟಿ ನೀಲಿಗಟ್ಟಿತು. ನಾನೂ ನಮ್ಮ ಯಜಮಾನರೂ ಬಸ್ಸು ಹಿಡಿದು ಅರಸೀಕೆರೆಯ ಡಾಕ್ಟರ ಹತ್ತಿರ ಓಡಿದೆವು. ಅವರು ಸೂಜಿಮದ್ದು ಕೊಟ್ಟು, ಉಸಿರು ಹತೋಟಿಗೆ ಬಂದ ಮೇಲೆ ಕೇಳಿದರು:

"ಮಗು ಎಲ್ಲಿ ಮಲಗುತ್ತಮ್ಮ?"

"ಅಜ್ಜಿ ಕೋಣೇಲಿ."

"ಆ ಕೋಣೆಗೆ ಬಿಸಿಲು ಬರುತ್ತೋ?"

"ಇಲ್ಲ."

"ಗಾಳಿ?"

"ಇಲ್ಲ."

"ಮತ್ತೇನು ಬರುತ್ತೆ?"

"ಬೂಷ್ಟು ಬರುತ್ತೆ ಸಾರ್" ಎಂದರು ನಮ್ಮ ಯಜಮಾನರು, ಬಾಯಿ ತಪ್ಪಿ.

ಡಾಕ್ಟರು ನಗಲಿಲ್ಲ. "ನಾನು ಕೊಡೋ ಔಷಧಿ ಅರ್ಧ. ಇನ್ನರ್ಧ ನಿಮ್ಮ ಗೋಡೇಲಿದೆ. ಮನೆಯೊಳಗೆ ಒದ್ದೆ ಬಟ್ಟೆ ಒಣಹಾಕಬೇಡಿ. ನೀರು ಸುರೀಬೇಡಿ. ಬೂಷ್ಟು ಹಿಡಿದ ಚಾಪೆ, ದಿಂಬು ಒಗೆದು ಪ್ರಯೋಜನವಿಲ್ಲ, ಎಸೆದುಬಿಡಿ. ಗೋಡೆ ಕೆರೆಯೋ ದಿನ ಮಗು ಆ ಮನೇಲೇ ಇರಬಾರದು. ಆ ಕೋಣೆಗೆ ಗಾಳಿ ಬಿಸಿಲು ಬರೋ ಹಾಗೆ ಮಾಡಿ" ಎಂದರು. ಬೇರೆ ಕಡೆ ಮಲಗಿಸಿದರೆ ಸಾಲದೇ ಎಂದು ನಾನು ಕೇಳಿದೆ. ನಮ್ಮ ಮನೆಯ ಗೋಡೆಗಳು ಹೆಂಚಿನವರೆಗೆ ಹೋಗಿಲ್ಲವೆಂದು ತಿಳಿದು, "ಒಂದೇ ಸೂರು, ಒಂದೇ ಗಾಳಿ, ಎಲ್ಲಿ ಮಲಗಿಸಿದರೇನು? ಬರೋ ಚಳಿಗಾಲವೂ ಹೀಗೇ ಕಳೆದರೆ ಮಗು ಉಳಿಯುತ್ತೆ ಅಂತ ನಾನು ಹೇಳಲಾರೆ" ಎಂದುಬಿಟ್ಟರು.

ಹೊರಡುವಾಗ ಇನ್ನೊಂದು ಪ್ರಶ್ನೆ ಕೇಳಿದರು. "ಆ ಕೋಣೇಲಿ ಮಲಗೋ ಅಜ್ಜಿಗೆ ಕೆಮ್ಮಿಲ್ವೇ?"

ಕೆಮ್ಮಿತ್ತು. ಮೂವತ್ತು ವರ್ಷದಿಂದ ಇತ್ತು. ಆ ಕೆಮ್ಮು ಕೇಳಿದರೆ ನಾವು 'ಮಡಿ ಬಂತು, ದಾರಿ ಬಿಡಿ' ಎಂದು ಸರಿದು ನಿಂತು ನಗುತ್ತಿದ್ದೆವು. ಬಸ್ಸಿಗೆ ಹಾರ್ನು ಇದ್ದ ಹಾಗೆ ದೊಡ್ಡತ್ತೆಗೆ ಕೆಮ್ಮು ಎಂದುಕೊಂಡಿದ್ದೆವು. ಅದು ಕಾಯಿಲೆ ಇರಬಹುದೆಂದು ಆ ಮನೆಯ ಒಂದು ನರಪಿಳ್ಳೆಗೂ ಹೊಳೆದಿರಲಿಲ್ಲ. ಆಮೇಲೆ ನಾನು ಎಷ್ಟು ಕರೆದರೂ ಅವರು ಡಾಕ್ಟರ ಹತ್ತಿರ ಬರಲಿಲ್ಲ. "ನನ್ನ ಎದೆ ಹಳೇದು ಕಣೇ, ರಿಪೇರಿಗೆ ಬಗ್ಗೋದಲ್ಲ" ಎಂದರು. ಅದಾದ ಮೇಲೆ ಎರಡು ಚಳಿಗಾಲ ಮಾತ್ರ ಇದ್ದರು. ಈಗ ಹೇಳಿ ಏನು ಪ್ರಯೋಜನ!

ಸರಿ, ಡಾಕ್ಟರು ಹೇಳಿದ್ದನ್ನು ದೊಡ್ಡತ್ತೆಗೆ ಹೇಳುವವರು ಯಾರು? ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? "ಹೆಂಗಸರ ವಿಷಯ, ನೀನೇ ಹೇಳು" ಎಂದು ನಮ್ಮ ಯಜಮಾನರು ಬೇಲೂರಿನ ಬಸ್ಸು ಹತ್ತಿದರು. ಮಾವನವರು ಕನ್ನಡಕ ಹುಡುಕಿಕೊಂಡು ಎದ್ದು ಹೋದರು. ಕನ್ನಡಕ ಅವರ ಮೂಗಿನ ಮೇಲೇ ಇತ್ತು! ನಾನೇ ಹೇಳಿದೆ. ಬೈಗುಳಕ್ಕೆ ಬೆನ್ನು ಗಟ್ಟಿ ಮಾಡಿಕೊಂಡು ಹೇಳಿದೆ.

ದೊಡ್ಡತ್ತೆ ಬೈಯಲಿಲ್ಲ. ತಲೆಯೆತ್ತಿ ಗಳುವಿನ ಕಡೆ ನೋಡಿದರು.

"ಅಂದ್ರೆ, ನನ್ನ ಸೀರೆ ನೀರೇ ಮಗೂ ಎದೆಗೆ ಹೋಗ್ತಿತ್ತೇನೇ?"

"ಹಾಗಲ್ಲ ದೊಡ್ಡತ್ತೆ…"

"ಹಾಗೇ ಕಣೇ. ನಾನು ಕೊಡಗಟ್ಟಲೆ ತಂದು ಸುರೀತಿದ್ದೆನಲ್ಲ."

ಅಂದು ಊಟಕ್ಕೆ ಏಳಲಿಲ್ಲ. "ಇವತ್ತು ಏಕಾದಶಿ" ಎಂದರು. ಪಂಚಾಂಗದಲ್ಲಿ ಅಂದು ಪಂಚಮಿ.

ಮರುದಿನ ಬೆಳಿಗ್ಗೆ ಹಳೇಬೀಡು ಕಂಡು ಕೇಳರಿಯದ ದೃಶ್ಯ! ದೊಡ್ಡತ್ತೆಯ ಮಡಿ ಸೀರೆ ಹಿತ್ತಿಲ ಬಿಸಿಲಿನಲ್ಲಿ ಒಣಗುತ್ತಿದೆ, ಕೆಳಗೆ ಮಡಿಕೋಲು ಹಿಡಿದು ದೊಡ್ಡತ್ತೆ ಕಾವಲು ಕುಳಿತಿದ್ದಾರೆ. ಮೇಲಿನಿಂದ ಕಾಗೆ, ಕೆಳಗಿನಿಂದ ಪಕ್ಕದ ಮನೆಯ ಕರು. ಕಾಗೆಗೆ ಕೋಲೆತ್ತಿದರೆ ಕರು ಸೆರಗು ಮೆಲ್ಲುತ್ತಿತ್ತು, ಕರುವನ್ನು ಓಡಿಸಿದರೆ ಕಾಗೆ ಬಂದು ಕೂರುತ್ತಿತ್ತು. ಮೊದಲ ದಿನ ನಾಲ್ಕು ಸಲ ಸ್ನಾನ ಮಾಡಿದರು, ಎರಡನೆಯ ದಿನ ಎರಡು ಸಲ. ವಾರ ಕಳೆಯುವುದರೊಳಗೆ ಶಾಸ್ತ್ರದಲ್ಲಿ ಸಂದು ಸಿಕ್ಕಿತು. "ಕಾಗೆ ಅಂದ್ರೆ ಪಿತೃಗಳು, ಕರು ಅಂದ್ರೆ ಗೋಮಾತೆ ಮಗು. ಇದರಲ್ಲಿ ಮೈಲಿಗೆ ಎಲ್ಲಿ ಬಂತು? ನೀನೇ ಹೇಳು!" ಎಂದು ನನ್ನನ್ನೇ ಗದರಿಸಿದರು.

ಆಮೇಲೆ ಬೂಷ್ಟು ಹಿಡಿದದ್ದನ್ನೆಲ್ಲ ಹೊರಗೆ ಹಾಕುವ ಕೆಲಸ. ಚಾಪೆ ಹೋಯಿತು, ದಿಂಬು ಹೋಯಿತು, ಮಾವನವರ ಮನೇಲೇ ಬೆಳೆದ ಕೋಟು ಹೋಯಿತು. ದೊಡ್ಡತ್ತೆಯ ಪೆಟ್ಟಿಗೆಯ ತಳದಲ್ಲಿ ಒಂದು ಗಂಟಿತ್ತು. ಬಿಚ್ಚಿದರೆ ಹಸಿರು ರೇಷ್ಮೆ ಸೀರೆ, ಹುಡುಗಿಯರು ಉಡುವಷ್ಟು ಚಿಕ್ಕದು. ಮಡಿಕೆ ಮಡಿಕೆಗೂ ಬೂಷ್ಟು ತಿಂದು ಜರಿ ಕಪ್ಪಾಗಿತ್ತು. ಅವರ ಧಾರೆ ಸೀರೆ. ಅದನ್ನು ಇಟ್ಟುಕೊಂಡಿದ್ದಾರೆಂದು ಮಾವನವರಿಗೂ ಗೊತ್ತಿರಲಿಲ್ಲ.

"ಇದೊಂದನ್ನ ಒಗೆದು ನೋಡೋಣ ದೊಡ್ಡತ್ತೆ" ಎಂದೆ.

"ಡಾಕ್ಟ್ರು ಏನಂದ್ರು?"

"ಎಸೀಬೇಕು ಅಂದ್ರು."

"ಮತ್ತೆ?" ಎಂದು ತಾವೇ ತೆಗೆದುಕೊಂಡು ಹೋಗಿ ತಿಪ್ಪೆಯ ಮೇಲೆ ಹಾಕಿ ಬಂದರು. ಕೈ ತೊಳೆದುಕೊಂಡು, "ಹುಳಿಗೆ ಬೇಳೆ ಹಾಕಿದ್ಯಾ?" ಎಂದು ಕೇಳಿದರು.

ಗೋಡೆ ಕೆರೆದು ಸುಣ್ಣ ಬಳಿಯಲು ಕೆಂಚಯ್ಯ ಬಂದ. ನಮ್ಮಪ್ಪ ಹಿಂದಿನ ದಿನವೇ ಬಂದು ಪುಟ್ಟಿಯನ್ನು ಬಾಣಾವರಕ್ಕೆ ಕರೆದುಕೊಂಡು ಹೋಗಿದ್ದರು. ಊರ ಮನೆಗಳಿಗೆಲ್ಲ ಸುಣ್ಣ ಬಳಿಯುವವನು ಕೆಂಚಯ್ಯ. ಆದರೆ ಮಡಿ ಕೋಣೆಯೊಳಗೆ ಅವನು ಕಾಲಿಡುವ ಹಾಗಿಲ್ಲ! ಎಷ್ಟೋ ವರ್ಷದಿಂದ ಅವನು ಹೊರಗೋಡೆ ಬಳಿದು ಹೋಗುವುದು, ಒಳಗಿನದನ್ನು ದೊಡ್ಡತ್ತೆ ತಾವೇ ತೋಚಿದಂತೆ ತೊಳೆಯುವುದು. ಈ ಸಲವೂ ಹಾಗೇ ಹೊರಟರು. ಕೆಂಚಯ್ಯ ಅಂಗಳದಲ್ಲಿ, ದೊಡ್ಡತ್ತೆ ಕೋಣೆಯಲ್ಲಿ, ನಡುಬಾಗಿಲಲ್ಲಿ ನಾನು.

"ಒಣಗಿದ್ದಂಗೇ ಕೆರೀಬ್ಯಾಡ್ರಿ ಅಮ್ಮಾವ್ರೆ! ಬೂಷ್ಟಿನ ಪುಡಿ ಎದ್ದು ಮೂಗ್ಗೆ ಹೋಯ್ತದೆ. ಒದ್ದೆ ಬಟ್ಟೇಲಿ ಒತ್ತಿ ಆಮ್ಯಾಕೆ ಕೆರೀರಿ!" ಎಂದು ಅವನು ಕೂಗಿದ.

"ನೀರು ಬೇಡ ಅಂತ ಡಾಕ್ಟ್ರು ಅಂದ್ರಲ್ಲ?" ಎಂದು ಒಳಗಿನಿಂದ ಪ್ರಶ್ನೆ.

"ಸುರೀಬ್ಯಾಡ್ರಿ ಅಂದವ್ರೆ. ಇದು ಒಸಿ ನೆನಸಾದು. ಮೂಗು ಬಾಯಿಗೆ ಬಟ್ಟೆ ಕಟ್ಕೊಳಿ! ಸುಣ್ಣ ಕಣ್ಣಿಗೆ ಬಿದ್ದೀತು, ಉಸಾರು!"

ಮೂವರೂ ಮುಖಕ್ಕೆ ಬಟ್ಟೆ ಕಟ್ಟಿಕೊಂಡೆವು. ಆ ಹೊತ್ತಿಗೆ ಬಂದ ಟಪಾಲಿನವನು ಮನೆಗೆ ದರೋಡೆಕೋರರು ನುಗ್ಗಿದ್ದಾರೆಂದು ಕಾಗದವನ್ನು ಜಗುಲಿಯ ಮೇಲೆ ಎಸೆದು ಓಟ ಕಿತ್ತ! ನಾನು ಅವನ ಹಿಂದೆ ಓಡಿ ಸಮಾಧಾನ ಮಾಡಿ ಬರುವಷ್ಟರಲ್ಲಿ ಒಳಗೆ ದೊಡ್ಡತ್ತೆಗೆ ಕೆಮ್ಮು ಹತ್ತಿ, ಕೆರೆಯುವ ಕರಣೆ ಕೈಯಿಂದ ಬಿದ್ದಿತ್ತು. ಗೋಡೆಗೆ ಒರಗಿ ಕುಳಿತು, ಉಸಿರು ತಿರುಗಿದ ಮೇಲೆ ಹೇಳಿದರು:

"ಕೆಂಚಯ್ಯನ್ನ ಒಳಗೆ ಕರಿಯೇ."

"ದೊಡ್ಡತ್ತೆ, ಮಡಿ…"

"ಮಡಿ ನನಗೆ ಹೇಳಿಕೊಡ್ತೀಯಾ? ಕರಿ ಅಂದ್ರೆ ಕರಿ. ಆಮೇಲೆ ನಾನು ಸ್ನಾನ ಮಾಡ್ತೀನಿ."

ಕೆಂಚಯ್ಯ ಹೊಸ್ತಿಲ ಹತ್ತಿರ ನಿಂತು ಒಳಗೆ ಬರಲು ಹಿಂದೆ ಮುಂದೆ ನೋಡಿದ. ಬಂದ ಮೇಲೆ ಗೋಡೆಯನ್ನು ಅಂಗೈಯಿಂದ ಸವರಿ, ಮೂಲೆ ಮೂಲೆ ನೋಡಿದ. "ಅಮ್ಮಾವ್ರೆ, ಏಟು ಸುಣ್ಣ ಬಳುದ್ರೂ ಅಷ್ಟೇಯಾ. ಈ ಗ್ವಾಡೆಗೆ ಮೂಡ್ಲು ಬಿಸ್ಲು ಬೀಳ್ಬೇಕು. ಆ ಕಿಟಕಿ ಯಾಕೆ ಬಡ್ದಾಕೈತೆ? ಮೊಳೆ ಕೀಳ್ಲಾ?"

"ಬೇಡ" ಎಂದರು ದೊಡ್ಡತ್ತೆ.

"ಮಗೀಗೆ ಅಂತ ಅಲ್ವಾ ಅಮ್ಮಾವ್ರೆ ಇದೆಲ್ಲ ಮಾಡ್ತಿರಾದು?"

ಅಷ್ಟರಲ್ಲಿ ಜಗುಲಿಯಲ್ಲಿದ್ದ ಮಾವನವರು ಎದ್ದು ಬಂದರು. ಕೈಯಲ್ಲಿ ಸುತ್ತಿಗೆ, ಇಕ್ಕಳ. "ನೀನು ಸುಮ್ಮನಿರು ಕೆಂಚಯ್ಯ. ಅವು ನಾನು ಹೊಡೆದ ಮೊಳೆ, ನಾನೇ ಕೀಳ್ತೀನಿ" ಎಂದು ಬೀದಿಗೆ ಇಳಿದು ಕಿಟಕಿಯ ಮುಂದೆ ನಿಂತರು. ತುಕ್ಕು ಹಿಡಿದ ಮೊಳೆಗಳು ಸುಲಭಕ್ಕೆ ಬರಲಿಲ್ಲ. ನಾಲ್ಕು ಮೊಳೆ ಕೀಳಲು ಒಂದು ಗಂಟೆ ಹಿಡಿಯಿತು.

ಸಂಜೆ ಬಾವಿಕಟ್ಟೆಯಲ್ಲಿ ಕೈಯ ಸುಣ್ಣ ತೊಳೆದುಕೊಳ್ಳುತ್ತಾ ದೊಡ್ಡತ್ತೆ ಹೇಳಿದರು. ವಿಧವೆಯಾಗಿ ಬಂದ ಹೊಸತರಲ್ಲಿ ಆ ಕಿಟಕಿಯೇ ಅವರಿಗೆ ದಿನ ಕಳೆಯುವ ದಾರಿ. ನಾಲ್ಕೈದು ವರ್ಷದ ಮೇಲೆ ಮಾವನವರು ಮೇಷ್ಟರ ಕೆಲಸಕ್ಕೆಂದು ಪರೀಕ್ಷೆ ಕಟ್ಟಿ, ಎರಡು ಸಲ ಫೇಲಾಗಿದ್ದರು. ಹೊರಡುವಾಗ ಯಾರ ಮುಖ ನೋಡಿಕೊಂಡು ಹೋಗಿದ್ದೆ ಎಂದು ಊರಿನ ಹಿರಿಯರು ಕೇಳಿದರಂತೆ. ಬೋಳು ತಲೆಯ ಅಕ್ಕ ಕಿಟಕಿಯಲ್ಲಿ ನಿಂತು ಹೋಗಿ ಬಾ ಎಂದಿದ್ದು ನೆನಪಾಯಿತು. ಮೂರನೆಯ ಸಲ ಹೊರಡುವ ದಿನ ಹತ್ತೊಂಬತ್ತರ ಹುಡುಗ ಅಡ್ಡಪಟ್ಟಿ ತಂದು ಮೊಳೆ ಬಡಿದ.

"ಆ ಸಲ ಪಾಸಾದ ಕಣೇ!" ಎಂದು ದೊಡ್ಡತ್ತೆ ನಕ್ಕರು. "ಇನ್ನು ಆ ಕಿಟಕಿ ತೆಗೆಯೋರು ಯಾರು? ಅವನು ಬಡೀವಾಗ ಬಾಗಿಲು ಅಲ್ಲಾಡಿ ಮೊಳೆ ಸೊಟ್ಟಗಾಗ್ತಿತ್ತು. ಒಳಗಿಂದ ನಾನೇ ಬಿಗಿಯಾಗಿ ಎಳೆದು ಹಿಡ್ಕೊಂಡಿದ್ದೆ. ಪಾಪ, ಅವನಿಗೆ ರೈಲಿಗೆ ಹೊತ್ತಾಗಿತ್ತು."

ಕಿಟಕಿ ತೆಗೆದ ಮೇಲೆ ಗೋಡೆ ಒಣಗತೊಡಗಿತು. ಪುಟ್ಟಿ ಬಾಣಾವರದಿಂದ ಬಂದವಳು ಎರಡು ತಿಂಗಳು ಉಬ್ಬಸವಿಲ್ಲದೆ ಆಡಿಕೊಂಡಿದ್ದಳು. ತೊಂದರೆಯಾದದ್ದು ಎದುರು ಮನೆಯವರಿಗೆ. ಬೆಳಿಗ್ಗೆ ಕೆಲಸಕ್ಕೆ ಹೊರಟ ಆ ಮನೆಯ ಯಜಮಾನರು ಕಿಟಕಿಯಲ್ಲಿ ದೊಡ್ಡತ್ತೆಯನ್ನು ಕಂಡು ಗಕ್ಕನೆ ತಿರುಗಿ ಒಳಗೆ ಹೋದರು. ಮರುದಿನದಿಂದ ಹಿತ್ತಿಲಿಂದ ಕತ್ತಾಳೆ ಬೇಲಿ ದಾಟಿ ಹೋಗತೊಡಗಿದರು. ಕತ್ತಾಳೆ ಮುಳ್ಳು ಪಂಚೆಯನ್ನು ಬಿಡುತ್ತದೆಯೇ? "ನನ್ನ ಮುಖ ನೋಡಿದ್ರೆ ಕೆಲಸ ಮಾತ್ರ ಕೆಡ್ತಿತ್ತು, ಈಗ ಪಂಚೇನೂ ಹರೀತಲ್ಲೇ" ಎಂದು ದೊಡ್ಡತ್ತೆ ನನ್ನ ಹತ್ತಿರ ನಕ್ಕರು. ನಕ್ಕವರು ಮರುದಿನದಿಂದ ಒಂದು ಕೆಲಸ ಶುರು ಮಾಡಿದರು. ಬೆಳಿಗ್ಗೆ ಜನ ಹೊರಡುವ ಹೊತ್ತಿಗೆ ಕಿಟಕಿಯ ಬಾಗಿಲನ್ನು ಒಳಗಿನಿಂದ ಎಳೆದುಕೊಳ್ಳುವುದು, ಬಸ್ಸು ಹೋದ ಎಷ್ಟೋ ಹೊತ್ತಿನ ಮೇಲೆ ತೆಗೆಯುವುದು. ಬಿಸಿಲು ಆ ಗೋಡೆಗೆ ಬೀಳುವುದು ಬೆಳಗಿನ ಆ ಹೊತ್ತಿನಲ್ಲಿ ಮಾತ್ರ! ನಾನು ಹೇಳಿದೆ, ಬೇಡಿಕೊಂಡೆ, ಜಗಳವೂ ಆಡಿದೆ. "ಹೊರಟವರ ಕಣ್ಣಿಗೆ ಬೀಳೋದು ಬೇಡ ಕಣೇ" ಎನ್ನುವುದೊಂದೇ ಮಾತು. ಮಾರ್ಗಶಿರದ ಚಳಿ ಬಂತು. ಸುಣ್ಣ ಬಳಿದ ಮೂಲೆಯಲ್ಲಿ ಕಪ್ಪು ಚುಕ್ಕೆಗಳು ಕಂಡವು. ಒಂದು ಬೆಳಿಗ್ಗೆ ಪುಟ್ಟಿಯ ಎದೆಯಿಂದ ಮತ್ತೆ ಆ ಸದ್ದು ಕೇಳಿತು.

ನಮ್ಮ ಯಜಮಾನರಿಗೆ ರಜೆ ಸಿಗಲಿಲ್ಲ. ನಾನು ಎರಡನೆಯ ಬಸುರಿ, ವಾಂತಿಯಿಂದ ಏಳಲಾರದೆ ಇದ್ದೆ. ಮಾವನವರೇ ಮಗುವನ್ನು ಅರಸೀಕೆರೆಗೆ ಕರೆದುಕೊಂಡು ಹೊರಟರು. ಏಳು ಗಂಟೆಯ ಬಸ್ಸು. ಕೊಡೆ ಕಂಕುಳಲ್ಲಿ, ಶಾಲು ಸುತ್ತಿದ ಪುಟ್ಟಿ ತೋಳಿನ ಮೇಲೆ. ಜಗುಲಿ ಇಳಿದವರು ಬಸ್ಸಿನ ಕಡೆಗೆ ಹೋಗಲಿಲ್ಲ. ಕಿಟಕಿಯ ಮುಂದೆ ಹೋಗಿ ನಿಂತರು. ಬಾಗಿಲು ಎಳೆದಿತ್ತು.

"ಅಕ್ಕಯ್ಯ, ಹೋಗಿ ಬರ್ತೀನಿ."

"ಹ್ಞೂಂ, ಹೋಗು ಹೋಗು" ಎಂದಿತು ಒಳಗಿನ ಧ್ವನಿ.

"ಬಾಗಿಲು ತೆಗಿ. ನಿನ್ನ ಮುಖ ನೋಡ್ಕೊಂಡು ಹೋಗ್ತೀನಿ."

"ಹುಚ್ಚು ಹಿಡೀತೇನೋ ನಿನಗೆ? ಕಾಯಿಲೆ ಮಗು ಎತ್ಕೊಂಡು ಹೊರಟಿದ್ದೀಯ. ಸುಮ್ಮನೆ ಹೊರಡೋ!"

"ತೆಗೆಯೋವರೆಗೂ ಹೊರಡಲ್ಲ."

ನಾನು ಜಗುಲಿಯ ಕಂಬ ಹಿಡಿದು ನಿಂತಿದ್ದೆ. ಬಸ್ಸಿನ ಹಾರ್ನು ಕೇಳಿಸಿತು. ಎದುರು ಮನೆಯವರು ಬಾಗಿಲ ಸಂದಿಯಿಂದ ನೋಡುತ್ತಿದ್ದರು. "ಮಾವಯ್ಯ, ಬಸ್ಸು!" ಎಂದೆ. ಅವರು ಕದಲಲಿಲ್ಲ. ಹಾರ್ನು ಇನ್ನೊಮ್ಮೆ ಆಯಿತು. ಆಮೇಲೆ ಬಸ್ಸು ಹೊರಟ ಸದ್ದು, ಬಾಣಾವರದ ದಾರಿಗೆ ಹೊರಳಿದ ಸದ್ದು, ಆಮೇಲೆ ಏನೂ ಇಲ್ಲ.

ಆಗ ಕಿಟಕಿಯ ಬಾಗಿಲು ಪಟಾರನೆ ತೆರೆಯಿತು. ಸರಳಿನ ಹಿಂದೆ ದೊಡ್ಡತ್ತೆಯ ಸಿಟ್ಟಿನ ಮುಖ.

"ಹೋಯ್ತಲ್ಲೋ ಬಸ್ಸು! ಹೋಯ್ತಲ್ಲ! ಇನ್ನೂ ಮುಖ ನೋಡೇ ಇರಲಿಲ್ಲ, ಆಗಲೇ ಬಸ್ಸು ತಪ್ತು! ಈಗಲಾದರೂ ಗೊತ್ತಾಯ್ತೇನೋ?"

ಮಾವನವರು ಸರಳಿನ ಹತ್ತಿರಕ್ಕೆ ಹೋದರು.

"ನಲವತ್ತು ವರ್ಷ ರೈಲು, ಬಸ್ಸು ಎಲ್ಲ ಸರಿಯಾಗಿ ಸಿಗ್ತಾನೇ ಇತ್ತಲ್ಲ ಅಕ್ಕಯ್ಯ. ನಿನಗೇನು ಸಿಕ್ತು?"

ದೊಡ್ಡತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು, ಸದ್ದಾಗದ ಹಾಗೆ ಅತ್ತರು. ಮಾವನವರು ನಡುಬೀದಿಯಲ್ಲಿ ನಿಂತು ಚಿಕ್ಕ ಹುಡುಗನ ಹಾಗೆ ಅತ್ತರು. ನಾನು ಕಂಬ ಹಿಡಿದುಕೊಂಡೇ ಅತ್ತೆ. ಅವತ್ತಿನಿಂದ ಆ ಬಾಗಿಲನ್ನು ಯಾರೂ ಎಳೆಯಲಿಲ್ಲ.

ಮುಂದಿನ ಬಸ್ಸು ಹನ್ನೊಂದಕ್ಕೆ. ಅಜ್ಜ ಮೊಮ್ಮಗಳು ಕಿಟಕಿಯ ಮುಂದೆ ನಿಂತು ಹೋಗಿ ಬರುತ್ತೇವೆಂದು ಹೇಳಿ ಅದಕ್ಕೆ ಹೋದರು. ಡಾಕ್ಟರು ಪುಟ್ಟಿಯ ಎದೆಗೆ ಕೊಳವೆ ಇಟ್ಟು ನೋಡಿ, "ಹೆದರಬೇಡಿ, ಮೊದಲಿನಷ್ಟಿಲ್ಲ, ವಾಸಿಯಾಗುತ್ತೆ" ಎಂದರಂತೆ. ಮನೆಯಿಂದ ಹೊರಡುವಾಗ ಯಾರ ಮುಖ ನೋಡಿಕೊಂಡು ಬಂದಿರಿ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ, ಹೇಳುವುದಕ್ಕೆ ಮಾವನವರು ತಯಾರಾಗಿಯೇ ಹೋಗಿದ್ದರು.